ತಾಳೆ ನೋಡುವಾಗ ಹಾರಿದ ಸಾಲು

ವಯಸ್ಸಾದವರು ಒಪ್ಪಿಕೊಳ್ಳುವ ತಪ್ಪುಗಳನ್ನು ನಾನು ನಂಬುವುದಿಲ್ಲ. ಅವೆಲ್ಲ ಅವರ ಒಳ್ಳೆಯತನವನ್ನು ಸಾರುವಂಥವೇ ಆಗಿರುತ್ತವೆ. ನಮ್ಮ ಬೀದಿಯ ನಿವೃತ್ತ ಶಿರಸ್ತೇದಾರರೊಬ್ಬರು ದಿನಾ ಬೆಳಿಗ್ಗೆ ವಾಕಿಂಗಿನಲ್ಲಿ, "ನಾನು ಮಾಡಿದ ದೊಡ್ಡ ತಪ್ಪು ಏನಪ್ಪಾ ಅಂದರೆ ಎಲ್ಲರನ್ನೂ ನಂಬಿಬಿಟ್ಟೆ" ಎಂದು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡು ಹಗುರಾಗಿ ಇನ್ನೊಂದು ಸುತ್ತು ಹೊಡೆಯುತ್ತಾರೆ. ನನ್ನದು ಆ ಜಾತಿಯ ತಪ್ಪಲ್ಲ. ಈ ದೇಶದಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳಿಗೆಲ್ಲ ಸಿಗಬೇಕಾಗಿದ್ದ ಒಂದು ದಪ್ಪ ಕಾದಂಬರಿಯನ್ನು, ಹಾಸನದ ಕೋರ್ಟಿನ ಎದುರು ಎಂಟಡಿ ಅಗಲದ ಅಂಗಡಿಯಲ್ಲಿ ಕೂತು, ಹಾಡಹಗಲಲ್ಲಿ, ಬೇಕೆಂದೇ ನಾನು ತೆಗೆದುಹಾಕಿದೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಇಂಗ್ಲಿಷಿನಲ್ಲಿ ಎರಡನೆಯ ಸಲಕ್ಕೆ ಪಾಸು.

ನನ್ನದು ಟೈಪಿಂಗ್ ಅಂಗಡಿ. ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮುಗಿಸಿ, ಅಲ್ಲೇ ಟೈಪ್‌ರೈಟಿಂಗ್ ಕಲಿತು, ಹಾಸನಕ್ಕೆ ಬಂದು ಒಂದು ಹಳೆಯ ಮೆಷೀನು ಇಟ್ಟುಕೊಂಡು ಕೂತವನು. ದಾವೆ, ಅಫಿಡವಿಟ್ಟು, ವಿಭಾಗಪತ್ರ, ವರ್ಗಾವಣೆಯ ಅರ್ಜಿ, ವರ್ಗಾವಣೆ ಬೇಡವೆಂಬ ಅರ್ಜಿ, ಎಲ್ಲ ಹೊಡೆದಿದ್ದೇನೆ. ದಿನಕ್ಕೆ ಮೂವತ್ತು ಪುಟ ಇಂಗ್ಲಿಷು ಹೊಡೆಯುತ್ತಿದ್ದೆನೇ ಹೊರತು ಒಂದು ಪುಟವನ್ನೂ ಓದುತ್ತಿರಲಿಲ್ಲ. ಓದುತ್ತಾ ಕೂತರೆ ವೇಗ ಬೀಳುತ್ತದೆ. ಕಣ್ಣಿನಿಂದ ಹೊರಟ ಅಕ್ಷರ ತಲೆಗೆ ಹತ್ತದೆ ನೇರ ಬೆರಳಿಗೆ ಇಳಿಯಬೇಕು, ಅದೇ ನಮ್ಮ ವಿದ್ಯೆ.

ಈ ಕಸುಬಿನಲ್ಲಿ ನನಗೆ ಒಂದು ಹೆಮ್ಮೆಯಿತ್ತು. ಯಾರ ಮಾತಿಗೂ ಒಂದು ಸಾಲು ಸೇರಿಸಿದವನಲ್ಲ, ಒಂದು ಸಾಲು ಬಿಟ್ಟವನಲ್ಲ. ದಂಡಿಗನಹಳ್ಳಿಯ ಪುಟ್ಟೇಗೌಡ ಎಂಬ ರೈತನೊಬ್ಬ ತಮ್ಮನ ಜೊತೆ ಪಾಲಿನ ವ್ಯಾಜ್ಯ ಹೂಡಿ, ನಾನು ಅವನ ಊರಿನ ಕಡೆಯವನೆಂದು ನನ್ನ ಅಂಗಡಿಗೇ ಬರುತ್ತಿದ್ದ. ಒಂದು ದಿನ ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದು, "ಸಾ, ಆ ಬಾವಿ ಇರೋ ಸರ್ವೆ ನಂಬರ್ ಒಂದ್ನ ಬುಟ್ಬುಡಿ. ಇಷ್ಟುದ್ದ ಪತ್ರದಾಗೆ ಯಾವನ್ ನೋಡ್ತಾನೆ" ಅಂದ. ನಾನು ಮೆಷೀನು ನಿಲ್ಲಿಸಿ, ಟೈಪಿಸ್ಟ್ ಆದವನ ಧರ್ಮವೇನು ಎಂದು ಅವನಿಗೆ ಕಾಲು ಗಂಟೆ ಉಪದೇಶ ಮಾಡಿದೆ. ಅವನು ಟವೆಲ್ಲು ಕೊಡವಿಕೊಂಡು, "ಆಯ್ತು ಬುಡಿ ಸಾ, ಬಾವಿ ನಂಬರು ಹೋಗ್ಲಿ, ನಿಮ್ ಧರ್ಮ ಉಳೀಲಿ" ಅಂದ. ಆ ಉಪದೇಶ ಮಾಡದೆ ಇದ್ದಿದ್ದರೆ ಮುಂದೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಅಂಗಡಿಗೆ ಪ್ರೊಫೆಸರ್ ಅನಂತರಾಮಯ್ಯನವರು ಬಂದರು. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾಗಿ ಹೊಳೆನರಸೀಪುರದಲ್ಲಿದ್ದವರು. ಇಡೀ ದೇಶದ ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ಪಠ್ಯಕ್ರಮವನ್ನು ಪರಿಷ್ಕರಿಸಲು ದೆಹಲಿಯಲ್ಲಿ ಒಂದು ಸಮಿತಿ ಮಾಡಿದ್ದರಂತೆ. ಅದರಲ್ಲಿ ಕಾದಂಬರಿಗಳ ಪಟ್ಟಿ ತಯಾರಿಸುವ ಕೆಲಸ ಇವರ ಪಾಲಿಗೆ ಬಂದಿತ್ತು. ಅವರ ಕೈಬರಹ ಎಂಥದೆಂದರೆ, ಇರುವೆಗೆ ಶಾಯಿ ಕುಡಿಸಿ ಹಾಳೆಯ ಮೇಲೆ ಬಿಟ್ಟಂತೆ. ಕೋರ್ಟಿನ ನಕಲು ಓದಿ ಪಳಗಿದ ಕಣ್ಣಾದ್ದರಿಂದ ನನಗೆ ತಿಳಿಯುತ್ತಿತ್ತು. ಅದಕ್ಕೇ ಅವರು ನನ್ನನ್ನು ಬಿಡಲಿಲ್ಲ. ಒಂದು ಕರಡು ಹೊಡೆದುಕೊಟ್ಟರೆ, ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಮನಸ್ಸು ಬದಲಾಯಿಸಿ ಮಾರನೆಯ ದಿನ ಮತ್ತೆ ಬರುತ್ತಿದ್ದರು. "ರಂಗಸ್ವಾಮಿ, ಹೊಳೆ ದಾಟೋವಾಗ ಹೊಳೀತು ಕಣ್ರೀ" ಅನ್ನುತ್ತಿದ್ದರು. ಅವರ ಮನೆಗೂ ನನ್ನ ಅಂಗಡಿಗೂ ನಡುವೆ ಹೊಳೆ ಹರಿಯದೆ ಇದ್ದಿದ್ದರೆ ಪಠ್ಯಕ್ರಮ ಎರಡು ತಿಂಗಳು ಮೊದಲೇ ಮುಗಿಯುತ್ತಿತ್ತು.

ನಾನು ಹೊಡೆಯುತ್ತಿದ್ದ ಹಾಳೆಗಳನ್ನು ಪುಟ್ಟೇಗೌಡ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. "ಅಲ್ಲಾ ಸಾ, ಇದ್ಯಾರ್ ಮನೆ ಪಾಲು? ಎಷ್ಟ್ ಜನ ಅಣ್ತಮ್ಮಂದ್ರು?" ಎಂದು ಕೇಳಿದ. ಇದು ಇಡೀ ದೇಶದ ಮಕ್ಕಳು ಓದಬೇಕಾದ್ದರ ಪಟ್ಟಿ ಎಂದೆ. ಅವನು, "ಅಷ್ಟು ಜನ್ಕೂ ತಕರಾರಿಲ್ದೆ ಹಂಚ್ಬೇಕು ಅಂದ್ರೆ ಕಷ್ಟವೇ" ಅಂದ. ಆ ಸಮಿತಿಯ ಕಷ್ಟವನ್ನು ಅಷ್ಟು ಚೊಕ್ಕವಾಗಿ ದೆಹಲಿಯಲ್ಲಿ ಕೂಡ ಯಾರೂ ಹೇಳಿರಲಾರರು.

ಇಷ್ಟರಲ್ಲಿ ನನ್ನ ಮಗಳು ಜಯಂತಿ ಪಿಯುಸಿ ಮುಗಿಸಿ ಬಿ.ಎ. ಸೇರಿದ್ದಳು. ಇಂಗ್ಲಿಷ್ ಸಾಹಿತ್ಯವನ್ನೇ ಓದಿ ಲೆಕ್ಚರರ್ ಆಗುತ್ತೇನೆಂದು ಹಟ. ನಮ್ಮ ವಂಶದಲ್ಲಿ ಇಂಗ್ಲಿಷು ಯಾರಿಗೂ ಒಂದೇ ಏಟಿಗೆ ಒಲಿದದ್ದಿಲ್ಲ. ಪಿಯುಸಿಯಲ್ಲಿ ಅರವತ್ತು ಪುಟದ ಕಥೆಪುಸ್ತಕ ಎದೆಯ ಮೇಲಿಟ್ಟುಕೊಂಡು ಅವಳು ಮೂರು ತಿಂಗಳು ನಿದ್ದೆ ಮಾಡಿದ್ದನ್ನು ನಾನೇ ನೋಡಿದ್ದೆ. ಹೀಗಿರುವಾಗ ಪ್ರೊಫೆಸರು ಒಂದು ದಿನ ಆ ಕಾದಂಬರಿಯನ್ನು ಅಂಗಡಿಗೆ ತಂದರು. ಹೆಸರಿನ ಅಕ್ಷರ ತಪ್ಪಬಾರದೆಂದು ತಂದದ್ದು. ಅದರ ಹೆಸರು ಇಲ್ಲಿ ಬೇಡ, ಅದಕ್ಕೆ ನನ್ನಿಂದ ಆಗಿರುವ ಅವಮಾನವೇ ಸಾಕು. ಎಂಟುನೂರು ಪುಟಕ್ಕೂ ಮೇಲೆ, ಸಾಸಿವೆ ಕಾಳಿನಂಥ ಅಕ್ಷರ. ಫ್ಯಾನಿನ ಗಾಳಿಗೆ ಹಾರುವ ಛಾಪಾಕಾಗದದ ಮೇಲೆ ಅದನ್ನಿಟ್ಟೆ. ನಾಲ್ಕು ದಿನ ಒಂದು ಹಾಳೆ ಅಲುಗಲಿಲ್ಲ. ಕಾಗದವೇ ಉಸಿರಾಡದಂತೆ ಕೂರುವ ಪುಸ್ತಕದ ಕೆಳಗೆ ನನ್ನ ಮಗಳ ಗತಿ ಏನು ಎಂದು ಯೋಚನೆ ಹತ್ತಿತು.

ಪ್ರೊಫೆಸರಿಗೂ ಆ ಪುಸ್ತಕದ ವಿಷಯದಲ್ಲಿ ಮನಸ್ಸು ಗಟ್ಟಿ ಇರಲಿಲ್ಲ. ಮೊದಲ ಕರಡಿನಲ್ಲಿ ಇತ್ತು, ಎರಡನೆಯದರಲ್ಲಿ ಹೊಡೆದುಹಾಕಿದ್ದರು. ಆವತ್ತು ನಾನು ಮನೆಗೆ ಜಿಲೇಬಿ ತಂದೆ. ಮೂರನೆಯದರಲ್ಲಿ ಮತ್ತೆ ಬಂತು. ಕೊನೆಯ ಕರಡಿನಲ್ಲಿ ಅಡಿಗೆರೆ ಎಳೆಸಿಕೊಂಡು ನಾಲ್ಕನೆಯ ಸ್ಥಾನದಲ್ಲಿ ಕೂತಿತ್ತು. ಮಧ್ಯಾಹ್ನ ನಾಲ್ಕೂವರೆಯ ಬಸ್ಸಿಗೆ ಅವರು ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೊರಡಬೇಕು. ನಾನು ಐದು ಕಾರ್ಬನ್ ಇಟ್ಟು ಹೊಡೆಯತೊಡಗಿದೆ. ಮೂರನೆಯ ಪುಸ್ತಕ ಆಯಿತು. ನಾಲ್ಕಕ್ಕೆ ಬಂದೆ. ಬೆರಳು ಐದನೆಯದನ್ನು ಹೊಡೆಯಿತು. ಹೊಡೆಯುವಾಗ ಅದಕ್ಕೆ ನಾಲ್ಕು ಎಂಬ ಅಂಕಿ ಹಾಕಿತು. ಮರೆತೆ ಎಂದು ಹೇಳಿಕೊಳ್ಳುವ ದಾರಿ ಆ ಅಂಕಿಯಿಂದ ಮುಚ್ಚಿಹೋಯಿತು.

ಆದರೆ ನಮ್ಮ ಕಸುಬಿನಲ್ಲಿ ತಾಳೆ ನೋಡುವುದು ಎಂದೊಂದಿದೆ. ಕೋರ್ಟಿನಿಂದ ಬಂದ ಪದ್ಧತಿ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪಾದ ಪ್ರತಿಯ ಮೇಲೆ ಕಣ್ಣಿಟ್ಟಿರಬೇಕು. ಪ್ರೊಫೆಸರು ಟೈಪು ಪ್ರತಿ ಹಿಡಿದರು. ಮೂಲ ನನ್ನ ಕೈಯಲ್ಲಿ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾ ಬಂದೆ. ಒಂದು, ಎರಡು, ಮೂರು. ಅಲ್ಲಿಂದ ಬೆರಳು ನಾಲ್ಕನ್ನು ದಾಟಿ ಕೆಳಗಿಳಿಯಿತು. ನಾಲಿಗೆ ಐದನ್ನು ನಾಲ್ಕು ಎಂದು ಓದಿತು. ಪ್ರೊಫೆಸರು, "ಸರಿ, ಮುಂದೆ" ಅಂದರು.

ಪಕ್ಕದ ಬೆಂಚಿನಿಂದ ಪುಟ್ಟೇಗೌಡ ಅಂದ: "ಸಾ, ಬೆಳ್ಳು ಒಂದ್ ಸಾಲು ಎಗರ್ಬುಡ್ತು."

ಒಂದಕ್ಷರ ಇಂಗ್ಲಿಷು ಬಾರದವನು. ಅಕ್ಷರ ಬಾರದೆ ಇದ್ದುದರಿಂದಲೇ ಬೆರಳನ್ನು ನೋಡುತ್ತಿದ್ದ. ಪ್ರೊಫೆಸರು ಕನ್ನಡಕ ಎತ್ತಿ, "ಏನಂತೆ ಅವರದ್ದು?" ಅಂದರು. "ಜಮೀನಿನ ವಿಷಯ ಸಾರ್, ಬದುವಿನ ತಕರಾರು" ಅಂದೆ. ಅವರು ಪಾಪ, ಪುಟ್ಟೇಗೌಡನ ಕಡೆ ತಿರುಗಿ, "ಎಲ್ಲ ಸರಿಹೋಗುತ್ತೆ ಬಿಡಿ ಗೌಡ್ರೇ" ಎಂದು ಸಮಾಧಾನ ಹೇಳಿ, ಟೈಪಾದ ಹಾಳೆಗಳನ್ನು ಮಾತ್ರ ಚೀಲಕ್ಕೆ ಹಾಕಿ, ಪುಸ್ತಕ ಎತ್ತಿಕೊಂಡು ಬಸ್ಸಿಗೆ ಓಡಿದರು. ಫ್ಯಾನಿನ ಗಾಳಿಗೆ ಛಾಪಾಕಾಗದ ಮತ್ತೆ ಹಾರಾಡತೊಡಗಿತು.

ಅವರು ಮರೆಯಾದ ಮೇಲೆ ಪುಟ್ಟೇಗೌಡ ಬೀಡಿ ಹಚ್ಚಿದ. "ನಂದು ಬಾವಿ ನಂಬರು ಆಗಾಕಿಲ್ಲ ಅಂದ್ರಿ. ಆ ಸ್ವಾಮೇರ್ದು ಯಾವ್ ನಂಬರು ಸಾ ಬುಟ್ಟಿದ್ದು?"

"ಒಂದು ಪುಸ್ತಕ ಕಣಯ್ಯ. ಮಗಳಿಗೆ ಕಷ್ಟ ಆಗುತ್ತೆ ಅಂತ."

"ಅದ್ರಾಗೆ ಬಾವಿ ಇತ್ತಾ?"

"ಗೊತ್ತಿಲ್ಲ."

"ನೋಡ್ದೆ ಬುಟ್ಬುಟ್ರಾ?" ಅಂದ. ಅವನ ದನಿಯಲ್ಲಿ ನನ್ನ ಬಗ್ಗೆ ನಿಜವಾದ ಮರುಕವಿತ್ತು. ಅವನಾದರೋ ತಾನು ಬಿಡಿಸಬೇಕೆಂದಿದ್ದ ನಂಬರಿನಲ್ಲಿ ನೀರು ಎಷ್ಟಿದೆ ಎಂದು ಅಳೆದುಕೊಂಡೇ ಬಂದಿದ್ದ.

ಹದಿನೈದು ದಿನದ ಮೇಲೆ ಪ್ರೊಫೆಸರು ಬಂದರು. ಮುಖ ಸ್ವಲ್ಪ ಇಳಿದಿತ್ತು. ದೆಹಲಿಯಲ್ಲಿ ಎಲ್ಲರೂ ಪಟ್ಟಿ ನೋಡಿ, ಅಂಥ ಪುಸ್ತಕವನ್ನೇ ಕೈಬಿಟ್ಟಿದ್ದೀರಲ್ಲ, ಕಾರಣವೇನು ಎಂದು ಕೇಳಿದರಂತೆ. ಇವರು ನೋಡುತ್ತಾರೆ, ಪಟ್ಟಿಯಲ್ಲಿ ಪುಸ್ತಕ ಇಲ್ಲ, ಅಂಕಿಗಳು ಮಾತ್ರ ಸಾಲಾಗಿ ಸರಿಯಾಗಿವೆ. "ನಾನೇ ಯಾವಾಗಲೋ ಹೊಡೆದುಹಾಕಿರಬೇಕು ರಂಗಸ್ವಾಮಿ. ಮರೆತುಬಿಟ್ಟಿದೀನಿ. ಮರೆತೆ ಅಂತ ಅಷ್ಟು ಜನದ ಮುಂದೆ ಹೇಳೋಕಾಗುತ್ತಾ? ಎದ್ದು ನಿಂತು ಅರ್ಧ ಗಂಟೆ ಕಾರಣ ಕೊಟ್ಟೆ. ಎಲ್ಲರೂ ಒಪ್ಪಿಬಿಟ್ಟರು." ಹೀಗೆಂದು ತಲೆ ಮುಟ್ಟಿಕೊಂಡು, "ಇಲ್ಲೇನೋ ಸಡಿಲ ಆಗ್ತಿದೆ ಕಣ್ರೀ" ಅಂದರು. ಆಗ ಹೇಳಬಹುದಿತ್ತು. ನಾಲಿಗೆ ತುದಿಗೂ ಬಂತು. ಆದರೆ ಅದು ಸಾಲು ಹಾರಿ ಅಭ್ಯಾಸವಾದ ನಾಲಿಗೆ. "ಕಾಫಿ ತರಿಸ್ಲಾ ಸಾರ್" ಅಂದಿತು.

ಅವತ್ತಿನಿಂದ ಅವರ ಮನೆಯಲ್ಲಿ ಒಂದೆಲಗದ ಚಟ್ನಿ ಶುರುವಾಯಿತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರು ದಿನಾ ಬೆಳಿಗ್ಗೆ ಅರೆದು ತಿನ್ನಿಸತೊಡಗಿದರು. ಪಾಪಪ್ರಜ್ಞೆಯಿಂದ ನಾನೇ ಸೊಪ್ಪು ಒದಗಿಸುವ ಜವಾಬ್ದಾರಿ ಹೊತ್ತೆ. ಪುಟ್ಟೇಗೌಡ ತನ್ನ ಗದ್ದೆ ಬದುವಿನಿಂದ ಕೋರ್ಟಿನ ವಾಯಿದೆಗೆ ಬಂದಾಗಲೆಲ್ಲ ಒಂದು ಕಟ್ಟು ತರುತ್ತಿದ್ದ. "ಯಾರಿಗ್ ಸಾ ಇದು?" ಎಂದ. ಪ್ರೊಫೆಸರಿಗೆ, ಮರೆವು ಅಂತೆ ಎಂದೆ. "ಮರ್ತಿದ್ದು ಅವ್ರಲ್ವಲ್ಲ ಸಾ" ಎಂದು ಕಟ್ಟನ್ನು ನನ್ನ ಮುಂದಿಟ್ಟು ಹೋದ.

ಇನ್ನು ಮಗಳ ಕಥೆ. ಸರ್ಕಾರದ ಕಾಗದ ಹೇಗೆ ನಡೆಯುತ್ತದೆಂದು ಕೋರ್ಟಿನ ಎದುರು ಕೂತ ನಾನೇ ಮರೆತಿದ್ದೆ. ಆ ಪರಿಷ್ಕೃತ ಪಠ್ಯಕ್ರಮ ದೆಹಲಿಯಿಂದ ಹೊರಟು ನಮ್ಮ ಕಡೆಗೆ ಬಂದು ಜಾರಿಯಾಗುವಷ್ಟರಲ್ಲಿ ಜಯಂತಿ ಬಿ.ಎ. ಮುಗಿಸಿ, ಎಂ.ಎ. ಮುಗಿಸಿ, ಮದುವೆಯಾಗಿ ಅರಕಲಗೂಡಿನ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದಳು. ಅವಳು ಓದಿದ್ದೆಲ್ಲ ಹಳೆಯ ಪಠ್ಯಕ್ರಮವೇ. ಅದರಲ್ಲಿ ಆ ಕಾದಂಬರಿ ಇದ್ದೇ ಇತ್ತು. ಕೊನೆಯ ವರ್ಷ ಅವಳು ಅದನ್ನು ಹಿಡಿದು ಕೂತಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಿದ್ದೆ ಮಾಡಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ. ಒಂದು ದಿನ ಒಬ್ಬಳೇ ನಗುತ್ತಿದ್ದಳು, ಇನ್ನೊಂದು ದಿನ ಕಣ್ಣು ಕೆಂಪಗಿತ್ತು. ನನ್ನ ಹೆಂಡತಿ ಗಾಬರಿಯಾಗಿ ದೃಷ್ಟಿ ತೆಗೆದಳು. ಲೆಕ್ಚರರ್ ಆದರೆ ಇದೊಂದು ಪುಸ್ತಕ ಪಾಠ ಮಾಡಿದರೆ ಸಾಕು ಎಂದು ಅವಳು ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಅಡುಗೆಮನೆಯ ಹೊರಗೆ ನಿಂತು ಕೇಳಿಸಿಕೊಂಡೆ.

ಹೊಸ ಪಠ್ಯಕ್ರಮ ಜಾರಿಯಾದ ವರ್ಷ, ಒಂದು ಭಾನುವಾರ, ನಾನು ಅರಕಲಗೂಡಿನಲ್ಲಿ ಅವಳ ಮನೆಯಲ್ಲಿದ್ದೆ. ಅವಳು ಪಟ್ಟಿಯನ್ನು ಟೇಬಲ್ಲಿನ ಮೇಲೆ ಎಸೆದಳು. "ನೋಡಪ್ಪ, ಯಾವ ಪುಣ್ಯಾತ್ಮನೋ ಅದೊಂದನ್ನೇ ತೆಗೆದುಹಾಕಿದ್ದಾನೆ. ನಾಲ್ಕು ವರ್ಷದಿಂದ ನೋಟ್ಸ್ ಮಾಡಿ ಇಟ್ಟುಕೊಂಡಿದ್ದೆ. ಕಾದಂಬರಿ ಪೇಪರು ಈ ವರ್ಷ ನನ್ನ ಕೈಗೆ ಬಂತು, ಪುಸ್ತಕ ಹೋಯ್ತು. ಅವನು ಅದನ್ನ ಓದಿದ್ದಾನೋ ಇಲ್ಲವೋ ಕೇಳಬೇಕು."

"ಓದಿಲ್ಲ" ಅಂದೆ.

"ನಿಂಗೆ ಹೇಗೆ ಗೊತ್ತು?"

ಹೇಳಿಬಿಟ್ಟೆ. ಕಾರ್ಬನ್ನು, ಬೆರಳು, ಪುಟ್ಟೇಗೌಡ, ಚಟ್ನಿ, ಎಲ್ಲ. ಅವಳು ಪಟ್ಟಿಯನ್ನು ಮತ್ತೆ ಎತ್ತಿಕೊಂಡು ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ನನಗೋಸ್ಕರಾನಾ?" ಅಂದಳು. ತಲೆಯಾಡಿಸಿದೆ. "ನಾನು ಅಷ್ಟು ದಡ್ಡಿ ಅಂತ ಅಂದ್ಕೊಂಡಿದ್ಯಾ ಅಪ್ಪ?" ಅಂದಳು. ನಾನು ಹೆದರಿದ್ದು ಅವಳ ದಡ್ಡತನಕ್ಕಲ್ಲ, ನನ್ನದು ಅವಳಿಗೂ ಇಳಿದಿರಬಹುದೆಂದು. ಅವಳು ಎದ್ದು ನನ್ನ ಚೀಲ ತಂದು ಕೈಗಿಟ್ಟಳು. "ಹೊಳೆನರಸೀಪುರಕ್ಕೆ ಈಗ ಬಸ್ಸಿದೆ. ಹೋಗಿ ಅವರಿಗೆ ಹೇಳು. ಆಮೇಲೆ ನನ್ನ ಹತ್ತಿರ ಮಾತಾಡು."

ಹೋದೆ. ಪ್ರೊಫೆಸರು ಜಗಲಿಯ ಮೇಲೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮುಖ ಅರಳಿತು. ಒಳಗೆ ತಿರುಗಿ, "ಸುಬ್ಬೂ, ಕೇಳಿದ್ಯೇನೆ? ನಂಗೆ ಮರೆವೇ ಇಲ್ಲವಂತೆ. ಎಲ್ಲ ಇವರ ಟೈಪಿಂಗಂತೆ. ನಾಳೆಯಿಂದ ಆ ಚಟ್ನಿ ಬೇಡ" ಎಂದು ಕೂಗಿದರು.

ಒಳಗಿನಿಂದ ಉತ್ತರ ಬಂತು: "ಮೊನ್ನೆ ಚಪ್ಪಲೀನ ದೇವಸ್ಥಾನದಲ್ಲೇ ಬಿಟ್ಟು ಬಂದ್ರಲ್ಲ, ಅದು ಯಾರ ಟೈಪಿಂಗು?"

ಪ್ರೊಫೆಸರು ಅದು ಕೇಳಿಸದವರಂತೆ ನನ್ನ ಕಡೆ ವಾಲಿದರು. "ಒಂದು ಮಾತು ಹೇಳ್ತೀನಿ ರಂಗಸ್ವಾಮಿ. ಅದನ್ನ ಯಾಕೆ ಬಿಡಬೇಕು ಅಂತ ಅರ್ಧ ಗಂಟೆ ಮಾತಾಡಿದೆನಲ್ಲ, ಅದರಲ್ಲಿ ಅರ್ಧ ಕಾರಣಗಳನ್ನ ಈಗಲೂ ನಂಬ್ತೀನಿ. ಇನ್ನರ್ಧದ ಲೆಕ್ಕದಲ್ಲಿ ನೀವು ತಪ್ಪಿತಸ್ಥರು." ಹೀಗೆಂದು ಒಳಗೆ ಹೋಗಿ ಆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ಭಾರ ಹಾಗೇ ಇತ್ತು. "ಕ್ಷಮೆ ಗಿಮೆ ಆಮೇಲೆ. ಇದನ್ನ ಓದಿ. ಪೂರ್ತಿ ಓದಿ ಬಂದು, ಬಿಡಬೇಕಿತ್ತೋ ಇಡಬೇಕಿತ್ತೋ ನೀವೇ ಹೇಳಿ. ಈ ದೇಶದಲ್ಲಿ ಓದದೇ ತೀರ್ಮಾನ ಮಾಡಿದವರಿಗೆ ಓದೋ ಶಿಕ್ಷೆ ಕೊಟ್ಟ ಮೊದಲನೆ ಸಮಿತಿ ನಮ್ಮದೇ ಆಗಲಿ."

ಜಯಂತಿಗೆ ಈ ಶಿಕ್ಷೆ ಬಹಳ ಹಿಡಿಸಿತು. ಮಾತಾಡತೊಡಗಿದಳು, ನಿಘಂಟೂ ಕೊಡಿಸಿದಳು. ಅಂಗಡಿ ಮುಚ್ಚಿ ವರ್ಷವಾಯಿತು, ಕಂಪ್ಯೂಟರು ಬಂದ ಮೇಲೆ ನನ್ನ ಮೆಷೀನನ್ನು ಕೇಳುವವರಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ. ತಲೆಗೆ ಹತ್ತಿಸದೆ ಸಾಗಿಸಿದ ಇಂಗ್ಲಿಷನ್ನು ಈ ವಯಸ್ಸಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಬೇಕಾಗಿದೆ. ನೂರಾ ಹನ್ನೆರಡನೆಯ ಪುಟದಲ್ಲಿದ್ದೇನೆ. ಹೋದ ವಾರ ಒಂದು ಮುದುಕಿಯ ಮಾತಿಗೆ ಗಟ್ಟಿಯಾಗಿ ನಕ್ಕೆ. ಹೆಂಡತಿ ದೃಷ್ಟಿ ತೆಗೆಯಲು ಎದ್ದಳು. ಪುಟ್ಟೇಗೌಡ ಸಿಕ್ಕಿದರೆ ಅವನ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ: ಬಾವಿ ಇತ್ತು ಕಣಯ್ಯ, ನೀರೂ ಇದೆ.

ಆದರೆ ಮಂಜು, ಮೋಡ, ಕುದುರೆಗಾಡಿ ಎಂದು ಲೇಖಕ ಪುಟಗಟ್ಟಲೆ ಹೊರಟಾಗ ಹಳೆಯ ಬೆರಳು ಸುಮ್ಮನಿರುವುದಿಲ್ಲ. ನಿನ್ನೆಯೂ ಒಂದು ಕಡೆ ಎಗರಿತು. ಒಂದು ಸಾಲಲ್ಲ, ಎರಡು ಪುಟ. ಪಕ್ಕದಲ್ಲಿ ಯಾರೂ ಇರಲಿಲ್ಲ. ತಕ್ಷಣ ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಓದಿದೆ ಎಂದು ಇಲ್ಲಿ ಬರೆದಿದ್ದರೆ ನೀವು ನಂಬುತ್ತಿದ್ದಿರಿ. ಬರೆಯುವ ಮನಸ್ಸೂ ಇತ್ತು.