ಹಸಿದ ಕೌದಿ

ಎಲ್ಲದಕ್ಕೂ ಕಾರಣ ಒಂದು ಇಲಿ.

ಆ ಇಲಿ ಮೊದಲ ಮಳೆಗೆ ಹೆದರಿ ಮಾಣಿಕಮ್ಮನ ಸಂದೂಕಿನೊಳಗೆ ಹೊಕ್ಕು, ಅವಳ ಸತ್ತ ತಾಯಿಯ ಇಳಕಲ್ಲ ಸೀರೆಯನ್ನು ಜರಡಿ ಮಾಡಿ, ಸೆರಗೊಂದನ್ನು ಮಾತ್ರ ಉಳಿಸಿತ್ತು. ಆ ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡು ಮಾಣಿಕಮ್ಮ ಅಳಬೇಕೆಂದೇ ಕುಳಿತಳು. ಆದರೆ ಕಣ್ಣೀರು ಬರುವ ಮೊದಲೇ ಕೈ ಸೆರಗಿನ ಅಂಚನ್ನು ಒಳಕ್ಕೆ ಮಡಚಿತು. ಮಡಚಿದ ಅಂಚು ಸೂಜಿಯನ್ನು ಕೇಳಿತು.

ಸೂಜಿ ಏಳು ವರ್ಷಗಳಿಂದ ತೊಲೆಯ ಸಂದಿನಲ್ಲಿತ್ತು. ಅಲ್ಲಿ ಸಿಕ್ಕಿಸಿದವಳು ಮಾಣಿಕಮ್ಮನೇ.

ಒಂದು ಕಾಲಕ್ಕೆ ಆಳಂದದ ಆ ಓಣಿಯಲ್ಲಿ ಮಾಣಿಕಮ್ಮ ಹೊಲಿದ ಕೌದಿಯಿಲ್ಲದೆ ಕೂಸು ತೊಟ್ಟಿಲಿಗೆ ಹೋಗುತ್ತಿರಲಿಲ್ಲ, ಮಗಳು ಗಂಡನ ಮನೆಗೆ ಹೋಗುತ್ತಿರಲಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳ ಗಂಟನ್ನು ಅವಳ ಕಟ್ಟೆಯ ಮೇಲೆ ಒಗೆದು, “ನಿನಗೇನ್ ಬೇ, ಕುಂತಲ್ಲೇ ಕೆಲಸ” ಎಂದು ಹೋಗುತ್ತಿದ್ದರು. ಅವಳಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಹೀಗೆ ನಲವತ್ತೆರಡು ಕೌದಿಗಳಾದವು. ನಲವತ್ತಮೂರನೆಯದರ ನಡುವೆ ಒಂದು ಮಧ್ಯಾಹ್ನ ಕೈ ನಿಂತುಬಿಟ್ಟಿತು. ನೋವಿರಲಿಲ್ಲ, ಬಾವಿರಲಿಲ್ಲ. ಕೆಂಪು ತುಂಡಿನ ಪಕ್ಕ ಹಸಿರು ಇಡಬೇಕೋ ನೀಲಿ ಇಡಬೇಕೋ ಹೊಳೆಯಲಿಲ್ಲ. ಯಾವುದನ್ನಿಟ್ಟರೂ ಏನಾಯಿತು ಎನಿಸಿತು. ಓಣಿಯವರು ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಕೊನೆಗೆ ತಮ್ಮ ತಮ್ಮ ಗಂಟುಗಳನ್ನು ತಾವೇ ಹೊತ್ತುಕೊಂಡು ಹೋದರು. ಊರಿಗೆಲ್ಲ ಕೌದಿ ಹೊದಿಸಿದವಳು ತಾನು ಮಾತ್ರ ಗಂಡನ ಮನೆಯ ಹಳೆಯ ಕಂಬಳಿ ಹೊದ್ದು ಮಲಗುತ್ತಿದ್ದಳು. ಆ ಕಂಬಳಿ ಚಳಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಮೈ ಕೆರೆಸುತ್ತಿತ್ತು.

ಈಗ ಮತ್ತೆ ಸೂಜಿ ಕೈಗೆ ಬಂದಿತ್ತು. “ಇದು ಯಾರಿಗೂ ಅಲ್ಲ, ನನಗ” ಎಂದು ಮಾಣಿಕಮ್ಮ ತಾಯಿಯ ಸೆರಗಿಗೆ ಹೇಳಿದಳು. ಆದರೆ ಮಾಣಿಕಮ್ಮ ಮತ್ತೆ ಹೊಲಿಯುತ್ತಾಳೆಂಬ ಸುದ್ದಿ ಓಣಿಗೆ ಮುಟ್ಟಿದರೆ ಮರುದಿನವೇ ಕಟ್ಟೆಯ ಮೇಲೆ ಗಂಟುಗಳು ಬೀಳುತ್ತವೆ. ಆಮೇಲೆ ಈ ಕೈ ಮತ್ತೆ ನಿಂತರೆ ಇನ್ನೊಮ್ಮೆ ಏಳುತ್ತದೆ ಎಂಬ ಭರವಸೆ ಅವಳಿಗಿರಲಿಲ್ಲ. ಆದ್ದರಿಂದ ಎರಡು ತಿಂಗಳು ದಿನಾ ಮಧ್ಯಾಹ್ನ “ಅರೆತಲಿ ನೋವು” ಎಂದು ಕತ್ತಲ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಗೋಡೆಯ ಕಿಂಡಿಯಿಂದ ಬೀಳುವ ಅಂಗೈ ಅಗಲದ ಬೆಳಕಿನಲ್ಲಿ ಹೊಲಿದಳು.

ಆ ಸೀಮೆಯಲ್ಲಿ ಕೌದಿಗೂ ಹೊಟ್ಟೆಯಿರುತ್ತದೆ. ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ತುಂಡು ಇಟ್ಟು, ಆಮೇಲೆ ಬಾಯಿ ಹೊಲಿಯಬೇಕು. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಾಣಿಕಮ್ಮನ ತಾಯಿ ಇನ್ನೂ ಒಂದು ಹೆಜ್ಜೆ ಮುಂದೆ. ದಿನದ ಹೊಲಿಗೆ ಮುಗಿಸಿ ಏಳುವಾಗ “ಹೊಟ್ಟಿ ತುಂಬಿತೇನು?” ಎಂದು ಕೌದಿಯನ್ನು ಕೇಳಿಯೇ ಏಳುತ್ತಿದ್ದಳು. ಮಗಳೂ ಹಾಗೆಯೇ ಕೇಳುತ್ತಿದ್ದಳು. ನಾಲ್ಕು ದಿನಗಳಿಂದ ಒಂದು ವಿಚಿತ್ರ ನಡೆದಿತ್ತು. ಕೇಳಿದ ಕೂಡಲೇ ಎಲ್ಲಿಂದಲೋ “ಹೂಂ” ಎಂಬ ಸದ್ದು ಬರುತ್ತಿತ್ತು. ಪಕ್ಕದ ಹೊಟ್ಟಿನ ಕೋಣೆಯಲ್ಲಿ, ದನಗಳಿಗೆಂದು ತುಂಬಿಟ್ಟ ಜೋಳದ ಹೊಟ್ಟಿನ ಮೇಲೆ, ಪಾರಿವಾಳ ಕೂತಿರಬೇಕೆಂದುಕೊಂಡಳು. ಹೋಗಿ ನೋಡುವಂತಿರಲಿಲ್ಲ. ಗಂಡ ಶಾಂತಲಿಂಗಪ್ಪ ಅಲ್ಲಿ ಹಾವು ಕಂಡಿದೆಯೆಂದು ಬೀಗ ಹಾಕಿದ್ದ. ಅದೇ ನಾಲ್ಕು ದಿನಗಳಿಂದ ಬುಟ್ಟಿಯಲ್ಲಿನ ರೊಟ್ಟಿಗಳೂ ಕಡಿಮೆಯಾಗುತ್ತಿದ್ದವು. ಕೇಳಿದರೆ ಶಾಂತಲಿಂಗಪ್ಪ, “ಇಲಿ” ಎನ್ನುತ್ತಿದ್ದ. ಸೀರೆ ತಿಂದ ಇಲಿಗೆ ರೊಟ್ಟಿ ಏನು ಹೆಚ್ಚಿನದು ಎಂದು ಅವಳೂ ಸುಮ್ಮನಾಗಿದ್ದಳು.

ಅದು ನಲವತ್ತೆಂಟನೆಯ ಇಸವಿಯ ಶ್ರಾವಣ. ಹೊರಗಿನ ದೇಶ ಸ್ವತಂತ್ರವಾಗಿ ವರ್ಷವಾಗಿತ್ತು. ನಿಜಾಮರ ರಾಜ್ಯದಲ್ಲಿ ಅದರ ಹೆಸರೆತ್ತಿದವರು ಗಡಿಯ ಖಜೂರಿ ದಾಟಿ ಸೊಲ್ಲಾಪುರದ ಕಡೆಗೆ ಓಡುತ್ತಿದ್ದರು. ಓಡುವವರನ್ನು ಹುಡುಕುವ ಪೊಲೀಸರು ಯಾವ ಹೊತ್ತಿಗೆ ಯಾರ ಬಾಗಿಲು ಬಡಿಯುತ್ತಾರೋ ತಿಳಿಯದೆ ಊರು ಪಿಸುಮಾತಿನಲ್ಲಿ ಬದುಕುತ್ತಿತ್ತು.

ಸೋಮವಾರದ ಹೋಳಿಗೆ ಮಾಡಿದ ದಿನ ಕೌದಿ ಮುಗಿಯುವುದಕ್ಕೆ ಬಂತು. ಮಾಣಿಕಮ್ಮ ಅರ್ಧ ಹೋಳಿಗೆಯನ್ನು ತೆರೆದ ಮೂಲೆಗೆ ತುರುಕುತ್ತ, “ಉಣ್ಣು, ಇವತ್ತೇ ಕಡೀ. ಇದೊಂದು ತುತ್ತು ತಿಂದ್ರ ಬಾಯಿ ಹೊಲದುಬಿಡತೇನಿ. ಹೊಟ್ಟಿ ತುಂಬಿತೇನು?” ಎಂದಳು.

“ಹೂಂ” ಎಂದಿತು ಪಾರಿವಾಳ.

ಇನ್ನೊಂದು ಗೋಡೆಯ ಆಚೆ ನೆರೆಮನೆಯ ಗಂಗುಬಾಯಿ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈಯೊಳಗಿನ ಮೊರ ಅಲ್ಲೇ ನಿಂತಿತು. ಅವಳಿಗೆ ಕೇಳಿಸಿದ್ದು ಪಾರಿವಾಳವಲ್ಲ, ಗಂಡಸಿನ ದನಿ. ಅರೆಗಳಿಗೆಯಲ್ಲಿ ಅವಳು ಕೈಯಲ್ಲಿ ಬಟ್ಟಲು ಹಿಡಿದು ಮಾಣಿಕಮ್ಮನ ಅಂಗಳದಲ್ಲಿದ್ದಳು.

“ಯಕ್ಕಾ, ಜರಾ ಮಜ್ಜಿಗಿ ಇದ್ರ ಕೊಡ” ಎನ್ನುತ್ತ ಮಾಣಿಕಮ್ಮನ ಹೆಗಲ ಮೇಲಿಂದ ಒಳಗೆ ಇಣುಕಿದಳು. “ಒಳಗ ಯಾರ ಜೋಡಿ ಮಾತಾಡಾಕತ್ತಿದ್ದಿ?”

ಮಾಣಿಕಮ್ಮನ ಮುಖ ಬೆಲ್ಲ ಕದ್ದ ಹುಡುಗಿಯ ಮುಖವಾಯಿತು. “ಕೇಳಿಸಿತೇನ್ ಬೇ?”

“ಗ್ವಾಡಿಗೆ ಕಿವಿ ಇರತಾವ.”

“ಗಂಗೂ, ನಿನ್ನ ಕಾಲ ಬೀಳತೇನಿ, ಯಾರ ಮುಂದೂ ಹೇಳಬ್ಯಾಡ.”

“ಯಾವಾಗಿಂದ ನಡದದ ಇದು?”

“ಎರಡ ತಿಂಗಳಾತು.”

“ಎರಡ ತಿಂಗಳಾ! ಶಾಂತಲಿಂಗಪ್ಪ ಮಾವಗ ಗೊತ್ತದ?”

“ಅವರಿಗಿ ಹೇಳಿಲ್ಲ. ಗೊತ್ತಾದ್ರ ನಗತಾರ.”

“ನಗತಾರ?” ಗಂಗುಬಾಯಿಯ ಬಟ್ಟಲು ಠಣ್ಣೆಂದು ನೆಲಕ್ಕೆ ಬಿತ್ತು.

ಎರಡು ತಿಂಗಳು ಒಳಗೇ ಇಟ್ಟುಕೊಂಡದ್ದನ್ನು ಯಾರಿಗಾದರೂ ಹೇಳಬೇಕೆಂದು ಮಾಣಿಕಮ್ಮನಿಗೂ ಇತ್ತು. “ಏಳು ವರ್ಷ ಮನಸ್ಸು ಒಣಗಿ ಹೋಗಿತ್ತು ಗಂಗೂ. ಈ ವಯಸ್ಸಿನ್ಯಾಗ ಮತ್ತ ಹಿಂಗ ಚಿಗರತದಂತ ನಾನೂ ತಿಳದಿದ್ದಿಲ್ಲ. ಬಾಗಲಾ ಹಾಕ್ಕೊಂಡು ಒಳಗ ಹೋದ್ರ ಜಗತ್ತೇ ಮರೀತದ. ಇನ್ನೇನು, ಇವತ್ತಿನಿಂದ ಬೆಚ್ಚಗ ಮಲಗೋದೊಂದೇ ಬಾಕಿ.”

“ಶಿವಶಿವಾ!” ಎಂದು ಗಂಗುಬಾಯಿ ಮಜ್ಜಿಗೆಯನ್ನೂ ಬಟ್ಟಲನ್ನೂ ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಅವಳು ಕೆಟ್ಟವಳಲ್ಲ. ಗಂಡ ಧರ್ಮಣ್ಣನಿಗೆ ರೊಟ್ಟಿ ಬಡಿಸುವಾಗ, ಯಾರ ಮುಂದೂ ಹೇಳಬಾರದೆಂದು ಆಣೆ ಹಾಕಿಸಿಕೊಂಡೇ ಹೇಳಿದಳು. ಧರ್ಮಣ್ಣ ಠಾಣೆಯಲ್ಲಿ ನೀರು ತುಂಬುವವ. ಅವನೂ ಪೊಲೀಸ್ ಜವಾನನೊಬ್ಬನ ತಂಬಿಗೆಗೆ ನೀರು ಸುರಿಯುತ್ತ ಹಾಗೆಯೇ ಆಣೆ ಹಾಕಿಸಿಕೊಂಡು ಹೇಳಿದ. ಓಣಿಯಲ್ಲಿ ಮಾತ್ರ ಸುದ್ದಿ ಎರಡು ಹೋಳಾಯಿತು. ಮಾಣಿಕಮ್ಮನ ಮನೆಯಲ್ಲಿ ಅಡಗಿರುವವನು ಸರಕಾರದಿಂದ ತಪ್ಪಿಸಿಕೊಂಡವನು ಎಂದು ಅರ್ಧ ಓಣಿ ನಂಬಿತು. ಉಳಿದರ್ಧಕ್ಕೆ ಅದಕ್ಕಿಂತ ರುಚಿಯಾದ ಸಂಶಯವಿತ್ತು.

ದರ್ಜಿ ಉಸ್ಮಾನಸಾಬನ ಹೆಂಡತಿ ಶಮ್ಸುನ್ನಿಸಾ ಮೊದಲನೆಯ ಅರ್ಧಕ್ಕೆ ಸೇರಿದವಳು. ಹಿತ್ತಲ ಬಾಗಿಲಿನಿಂದ ಬಂದು, ಮಡಚಿದ ಬುರ್ಖಾ ಒಂದನ್ನು ಮಾಣಿಕಮ್ಮನ ಕೈಗಿಟ್ಟಳು.

“ಯಕ್ಕಾ, ಇದು ಮನ್ಯಾಗ ಹೆಚ್ಚಿಂದು ಇತ್ತು. ಜಲ್ದಿ ಕೆಲಸಕ್ಕ ಹಚ್ಚರಿ.”

ಗಂಗುಬಾಯಿ ಇವಳಿಗೂ ಕೌದಿಯ ಸುದ್ದಿ ಹೇಳಿರಬೇಕೆಂದು ಮಾಣಿಕಮ್ಮ ನಿಟ್ಟುಸಿರು ಬಿಟ್ಟಳು. ಅರಿವೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಹಿಂದಕ್ಕೆ ಕೊಟ್ಟಳು. “ಅರಿವಿ ಛಲೋ ಅದ ಶಮ್ಸೂ. ಆದ್ರ ಒಳಗ ಇನ್ನ ಜಾಗಾ ಇಲ್ಲ, ತುಂಬಿ ಹೋಗ್ಯಾದ.”

“ತುಂಬಿ ಹೋಗ್ಯಾದ? ಯಾ ಅಲ್ಲಾ, ಎಷ್ಟ ಮಂದೀನ ತುಂಬೀರಿ?”

ಅಷ್ಟರಲ್ಲಿ ಕುದುರೆಯ ಗೊರಸಿನ ಸದ್ದು ಅಂಗಳಕ್ಕೇ ಬಂತು.

ಠಾಣೆಯ ಮುಖ್ಯಸ್ಥ ಅಮೀನಸಾಹೇಬರು ನಾಲ್ವರು ಜವಾನರೊಡನೆ ಬಂದಿದ್ದರು. ಅವರ ಹಿಂದೆ ಓಣಿಯೂ ಬಂದಿತ್ತು. ಶಾಂತಲಿಂಗಪ್ಪ ಹೊಲದಿಂದ ಅದೇ ತಾನೇ ಬಂದವನು, ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿದ್ದ.

“ಅಮ್ಮಾ, ಒಳಗ ಯಾರನ್ನೋ ಮುಚ್ಚಿಟ್ಟು ಹೊಟ್ಟಿಗೆ ಹಾಕಾಕತ್ತೀರಂತ ಖಬರ್ ಬಂದದ. ಬಾಗಲಾ ತಗೀರಿ.”

ಆಗ ಮಾಣಿಕಮ್ಮನಿಗೆ ಗಂಗುಬಾಯಿ ಕೇಳಿದ್ದು ಏನು, ತಾನು ಹೇಳಿದ್ದು ಏನು ಎಂಬುದು ಒಮ್ಮೆಗೇ ಹೊಳೆದು, ಭೂಮಿ ಬಾಯ್ಬಿಡಬಾರದೇ ಎನಿಸಿತು. ಬಾಗಿಲು ತೆರೆದರೆ ಮಾನ ಉಳಿಯುತ್ತದೆ, ಆದರೆ ಎರಡು ತಿಂಗಳ ಗುಟ್ಟು ಹೋಗುತ್ತದೆ. “ನೀವೊಬ್ಬರೇ ಬರ್ರಿ ಸಾಹೇಬರ, ಇವರೆಲ್ಲ ಬ್ಯಾಡ್ರಿ” ಎಂದು ಬೇಡಿಕೊಂಡಳು. ಹಾಗೆ ಬೇಡಿದ್ದರಿಂದಲೇ ಎಲ್ಲರೂ ಒಳಗೆ ನುಗ್ಗಿದರು.

ಕತ್ತಲ ಕೋಣೆಯ ನೆಲದ ಮೇಲೆ ಕೌದಿ ಹಾಸಿತ್ತು. ಕಿಂಡಿಯ ಬೆಳಕು ನೇರವಾಗಿ ಅದರ ನಡುವಿನ ಇಳಕಲ್ಲ ಸೆರಗಿನ ಮೇಲೆ ಬಿದ್ದಿತ್ತು. ಸೆರಗಿನ ಸುತ್ತ ತುಂಡುಗಳು ಒಂದರ ಮಗ್ಗುಲಿಗೊಂದು, ಸಂತೆಯಿಂದ ಮನೆಗೆ ಹೊರಟ ಹೆಂಗಸರ ಹಾಗೆ, ಸಾಲುಸಾಲಾಗಿ ಹೊರಟಿದ್ದವು. ಅಮೀನಸಾಹೇಬರು ಲಾಠಿಯ ತುದಿಯಿಂದ ಕೌದಿಯ ಮೂಲೆ ಎತ್ತಿದರು. ಹೊಲಿಯದೆ ಬಿಟ್ಟ ಬಾಯಿಯಿಂದ ಅರ್ಧ ಹೋಳಿಗೆ ಟಪ್ಪನೆ ಅವರ ಬೂಟಿನ ಮೇಲೆ ಬಿತ್ತು.

“ಯೇ ಕ್ಯಾ ಹೈ?”

“ಊಟರೀ” ಎಂದಳು ಮಾಣಿಕಮ್ಮ.

“ಯಾರ ಊಟ?”

“ಕೌದೀದು.”

ಶಮ್ಸುನ್ನಿಸಾ ಬಾಗಿಲ ಮರೆಯಿಂದ ಉರ್ದುವಿನಲ್ಲಿ ಆ ರಿವಾಜನ್ನು ತಿಳಿಸಿ ಹೇಳಿದಳು. ಅಮೀನಸಾಹೇಬರು ಹೋಳಿಗೆಯನ್ನು ನೋಡಿದರು, ಕೌದಿಯನ್ನು ನೋಡಿದರು, ನಾಲ್ವರು ಜವಾನರನ್ನು ನೋಡಿದರು. ಆಮೇಲೆ ಮೀಸೆ ಅಲುಗಾಡುವ ಹಾಗೆ ನಕ್ಕರು. ಶಾಂತಲಿಂಗಪ್ಪನಂತೂ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಇಷ್ಟು ನಗುವುದಕ್ಕೆ ಇದರಲ್ಲೇನಿದೆ ಎಂದು ಮಾಣಿಕಮ್ಮನಿಗೆ ಸಿಟ್ಟೇ ಬಂತು.

“ಆ ಕೋಣಿ?” ಎಂದು ಜವಾನನೊಬ್ಬ ಬೀಗ ಹಾಕಿದ ಬಾಗಿಲನ್ನು ತೋರಿಸಿದ.

“ಹೊಟ್ಟಿನ ಕೋಣಿರೀ. ನಾಗಪ್ಪ ಹೊಕ್ಕಾನ. ಶ್ರಾವಣ ನೋಡ್ರಿ, ಹೊಡಿಯಾಕ ಬರಂಗಿಲ್ಲ” ಎಂದ ಶಾಂತಲಿಂಗಪ್ಪ. ಜವಾನ ಎರಡು ಹೆಜ್ಜೆ ಹಿಂದೆ ಸರಿದ.

ಹೊರಡುವ ಮುಂಚೆ ಅಮೀನಸಾಹೇಬರು ಕೌದಿಯ ಮೇಲೆ ಇನ್ನೊಮ್ಮೆ ಕೈಯಾಡಿಸಿದರು. “ನಮ್ಮ ಬೇಗಮರಿಗೂ ಇಂಥದೊಂದು ಆಗಬೇಕು. ಮಖಮಲ್ ಕಳಸತೇನಿ. ಹೋಳಿಗಿ ಮಾತ್ರ ನೀವೇ ಹಾಕ್ರಿ.”

ಅಮೀನಸಾಹೇಬರಿಗೆ ಆಗುವುದಾದರೆ ನೆರೆಯವರಿಗೆ ಏಕಾಗಬಾರದು? ಕ್ಷಮೆ ಕೇಳುವ ಮಾತು ಯಾರ ಬಾಯಿಂದಲೂ ಬರಲಿಲ್ಲ. “ಅಯ್ಯ, ಮಾಣಿಕಮ್ಮ ಮತ್ತ ಹೊಲಿಯಾಕತ್ಯಾಳ!” ಎಂಬ ಉದ್ಗಾರ ಮಾತ್ರ ಎಲ್ಲರಿಂದಲೂ ಬಂತು. ಹೊತ್ತು ಇಳಿಯುವುದರೊಳಗೆ ಕಟ್ಟೆಯ ಮೇಲೆ ಏಳು ಗಂಟುಗಳು ಬಿದ್ದವು. ಎಲ್ಲಕ್ಕಿಂತ ದೊಡ್ಡದು ಗಂಗುಬಾಯಿಯದು. “ನಿನಗೇನ್ ಬೇ ಯಕ್ಕಾ, ಕುಂತಲ್ಲೇ ಕೆಲಸ” ಎಂದು, ಮಧ್ಯಾಹ್ನ ಬಿಟ್ಟುಹೋದ ಬಟ್ಟಲನ್ನು ನೆನಪಿನಿಂದ ತೆಗೆದುಕೊಂಡು ಹೋದಳು.

ಮಾಣಿಕಮ್ಮ ಗಂಟುಗಳನ್ನು ನೋಡುತ್ತ ಕುಳಿತಳು. ಹೋಗಲಿ, ಇವತ್ತಾದರೂ ನನ್ನ ಕೌದಿಯಲ್ಲಿ ಮಲಗುತ್ತೇನೆ, ನಾಳೆಯದು ನಾಳೆಗೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಆಗ ಶಾಂತಲಿಂಗಪ್ಪ ಬಂದು ಪಕ್ಕದಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡ.

“ನಿನ್ನ ಕೌದಿ ಜರಾ ಬೇಕಾಗ್ಯಾದ.”

“ಯಾರಿಗಿರೀ?”

“ಇಲಿಗೆ” ಎಂದು ಅವನು ಎದ್ದು ಹೊಟ್ಟಿನ ಕೋಣೆಯ ಬೀಗ ತೆಗೆದ.

ಒಳಗಿನಿಂದ ಬಂದವನ ತಲೆ, ಗಡ್ಡ, ಹುಬ್ಬುಗಳ ತುಂಬ ಹೊಟ್ಟು. ಜೇವರ್ಗಿಯ ಸಾಲಿ ಮಾಸ್ತರ, ಹೆಸರು ರೇವಣಪ್ಪ. ಕರಪತ್ರ ಹಂಚಿದ್ದಕ್ಕೆ ಪೊಲೀಸರು ಹುಡುಕುತ್ತಿದ್ದಾರೆಂದೂ, ಈ ಹೊತ್ತು ಖಜೂರಿ ದಾಟಿಸಬೇಕೆಂದೂ ಶಾಂತಲಿಂಗಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಮಾಸ್ತರ ಮಾಣಿಕಮ್ಮನಿಗೆ ಬಗ್ಗಿ ನಮಸ್ಕಾರ ಮಾಡಿದ.

“ಅವ್ವಾರ, ನಾಕ ದಿನ ಗೋಡಿ ಆಚಿಂದ ‘ಹೊಟ್ಟಿ ತುಂಬಿತೇನು’ ಅಂತ ಕೇಳಿದ್ರಿ. ಒಬ್ಬರಾದ್ರೂ ಕೇಳಾಕತ್ತಾರಲ್ಲ ಅನ್ನೋ ಧೈರ್ಯದ ಮ್ಯಾಲೆ ಆ ಕತ್ತಲದಾಗ ಕುಂತಿದ್ದೆ.”

ನಾನು ಕೇಳಿದ್ದು ಕೌದಿಯನ್ನು ಎಂದು ಹೇಳಲು ಮಾಣಿಕಮ್ಮ ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು. ಗಂಡನ ಕಡೆ ತಿರುಗಿ, “ನಿಮ್ಮ ಇಲಿ ಭಾಳ ಓದಿದಂಗ ಕಾಣತದ” ಎಂದಳಷ್ಟೆ.

ಉಪಾಯ ಸುಲಭವಾಗಿತ್ತು. ಅಮೀನಸಾಹೇಬರ ಬೂಟಿನ ಮೇಲೆ ಹೋಳಿಗೆ ಬಿದ್ದ ಕಥೆ ಅವರ ಕುದುರೆಗಿಂತ ಮುಂಚೆ ಊರೂರು ಮುಟ್ಟಿತ್ತು. ಆ ಕೌದಿಯನ್ನು ತಲೆಯ ಮೇಲೆ ಹೊತ್ತು ಹೋಗುವ ಆಳನ್ನು ಗಡಿಯ ನಾಕೆಯ ಕಾವಲಿನವರು ತಡೆಯುವುದಿಲ್ಲ, ನಕ್ಕು ಬಿಡುತ್ತಾರೆ.

“ಜರಾ ತಡೀರಿ” ಎಂದು ಮಾಣಿಕಮ್ಮ ಇನ್ನೊಂದು ಹೋಳಿಗೆ ತಂದಳು. ಅರ್ಧವನ್ನು ಕೌದಿಯ ಮೂಲೆಗಿಟ್ಟಳು, ಅರ್ಧವನ್ನು ಮಾಸ್ತರನ ಕೈಗಿಟ್ಟಳು. “ಹಸಿದದ್ದು ಯಾವುದೂ ಮನಿ ಬಿಟ್ಟು ಹೋಗಬಾರದು” ಎನ್ನುತ್ತ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ತಾಯಿಯ ಸೆರಗು ಮಾಸ್ತರನ ತಲೆಯ ಮೇಲೆ ಕೂತು ಸಂಜೆಯ ಬಿಸಿಲಿನಲ್ಲಿ ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಂತಳು. ಅಂದು ಮತ್ತೆ ಅದೇ ಕಂಬಳಿ. ಎಂದಿಗಿಂತ ಹೆಚ್ಚು ಮೈ ಕೆರೆಸಿತು.

ಮೂರನೆಯ ದಿನ ಮಖಮಲ್ಲು ಬಂತು. ಮಾಣಿಕಮ್ಮ ಕತ್ತಲ ಕೋಣೆಯಲ್ಲಿ ಅದನ್ನು ಹಾಸಿ, ಕೈ ಈಗ ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಕಾದಳು. ನಿಲ್ಲಲಿಲ್ಲ. ಕೆಂಪಿನ ಪಕ್ಕ ಹಸಿರೇ ಎಂದು ಅವಳಿಗಿಂತ ಮೊದಲು ಕೈಗೆ ಗೊತ್ತಿತ್ತು. ಇದೂ ತನ್ನದಲ್ಲ, ಇದರ ಹಿಂದೆ ಕಾದಿರುವ ಏಳು ಗಂಟುಗಳೂ ತನ್ನವಲ್ಲ. ಆದರೂ ಎಷ್ಟು ಹೊತ್ತಾಯಿತೆಂಬುದು ಕಿಂಡಿಯ ಬೆಳಕು ಗೋಡೆ ಏರಿದ ಮೇಲೆಯೇ ತಿಳಿಯಿತು.

ಏಳುವಾಗ ರೂಢಿಯಂತೆ, “ಹೊಟ್ಟಿ ತುಂಬಿತೇನು?” ಎಂದಳು. ಕೇಳಿದ ಮೇಲೆ ನೆನಪಾಯಿತು, ಆಚೆ ಈಗ ಯಾರೂ ಇಲ್ಲ. ಅಮೀನಸಾಹೇಬರ ಕೌದಿ ಹೊಲಿಯುವ ಮನೆಯೊಳಗೆ ಇನ್ನು ಯಾವ ಪೊಲೀಸನೂ ಹುಡುಕಲು ಬರುವುದಿಲ್ಲ ಎಂದು ಗಂಡ ಹಿಂದಿನ ದಿನ ಯಾಕೋ ಎರಡೆರಡು ಸಲ ಹೇಳಿದ್ದನ್ನು ನೆನೆದು ನಕ್ಕಳು.

“ಹೂಂ” ಎಂದಿತು ಗೋಡೆ.

ಅದರ ಹಿಂದೆಯೇ ಇನ್ನೊಂದು ಹೊಸ ದನಿ, ಬಹಳ ಸಂಕೋಚದಿಂದ:

“ನನಗಿನ್ನೊಂದು ರೊಟ್ಟಿ ಸಿಕ್ರ ಛಲೋ ಆಗತಿತ್ತರೀ, ಅವ್ವಾರ.”