ಓಟದ ಕಾರೂ ನೂಲಿನ ಪೇಟೆಯೂ

ಅಂಗಡಿ ಬಾಗಿಲು ತೆರೆದು ಕೂತವನಿಗೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ತ್ರಾಸಿಲ್ಲ; ಗಿರಾಕಿಗಳ ಹಿಂದೆ ಅವೂ ಮೆಟ್ಟಿಲು ಹತ್ತಿ ಬರುತ್ತವೆ. ಆ ಅಂಗಡಿಯವನು ಓಟದ ಕಾರು ಕೊಂಡರಂತೂ ಅವು ಓಡಿಯೇ ಬರುತ್ತವೆ.

ಬನಹಟ್ಟಿಯಲ್ಲಿ ನನ್ನದು ನೂಲು, ಸೀರೆಯ ವ್ಯಾಪಾರ. ಸಂಸ್ಥಾನಗಳು ಹೋಗಿ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ಮೀರಜದ ಕಡೆ ಕೆಲಸಕ್ಕಿದ್ದ ಬಿಳಿಯ ಎಂಜಿನಿಯರೊಬ್ಬ ಗಂಟುಮೂಟೆ ಕಟ್ಟಿ ವಿಲಾಯತಿಗೆ ಹೊರಟಿದ್ದ. ಅವನ ಕಾರನ್ನು ನಾನು ತೆಗೆದುಕೊಂಡೆ. ಇಬ್ಬರೇ ಕೂಡುವಂಥದ್ದು, ಉದ್ದ ಮೂತಿ, ಗಿಳಿಹಸಿರು ಬಣ್ಣ. ಗಾಲಿಗಳಿಗೆ ಸೈಕಲ್ಲಿನ ಹಾಗೆ ಕಡ್ಡಿಗಳು. ಒಂದೊಂದು ಗಾಲಿಯ ನಡುವೆ ಒಂದೇ ದೊಡ್ಡ ನಟ್ಟು. ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೆ ಗಾಲಿ ಕೈಗೆ ಬರುತ್ತಿತ್ತು. ಮಾಡಿದವನ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೌಸಿಗಾಗಿ, ಬರೀ ಶೋಕಿಗಾಗಿ ಕೊಂಡೆ ಎಂದುಕೊಳ್ಳಬೇಡಿ. ಪೇಟೆಗೆ ಮೊದಲು ಮುಟ್ಟಿದವನಿಗೆ ಒಳ್ಳೆಯ ನೂಲು ಸಿಗುತ್ತದೆ, ಅದು ನನ್ನ ಲೆಕ್ಕ. ಆದರೆ ಇದೇ ಕಾರು ನನಗೆ ನೂಲು ಕೊಡುವವರೇ ಇಲ್ಲದಂತೆ ಮಾಡುವುದರಲ್ಲಿತ್ತು.

ಹೊಳೆಯ ದಂಡೆ

ಕಾರನ್ನು ಊರಿಗೆ ತರುವ ದಿನ ನನ್ನ ಜೊತೆಗೆ ಮಹಾಲಿಂಗಪುರದ ಮಿಸ್ತ್ರಿ ಇದ್ದ. ಮೋಟಾರು ಎಂದರೆ ಜೀವ ಬಿಡುವ ಮನುಷ್ಯ; ಕಾರು ಹೊಡೆಯುತ್ತಿದ್ದವನೂ ಅವನೇ. ಸಪಾಟಾದ ದಾರಿ ಸಿಕ್ಕಲ್ಲಿ, "ಸಾವ್ಕಾರ್ರ, ಟೋಪಿ ಹಿಡಕೋರಿ" ಎಂದು ಹೇಳಿ ಆಕ್ಸಲರೇಟರು ಒತ್ತಿದ. ಟೋಪಿ ಹಿಡಿಯುವುದರೊಳಗೆ ಅದು ಹಿಂದಿನ ಹಳ್ಳಿಯಲ್ಲಿ ಉಳಿಯಿತು. ದಾರಿಯಲ್ಲಿ ಒಂದು ಎತ್ತಿನ ಗಾಡಿಯನ್ನು ದಾಟಿದೆವು. ಹಿಂತಿರುಗಿ ನೋಡಿದರೆ ಗಾಡಿಯಿಲ್ಲ, ಬರೀ ಧೂಳು.

ಮುಂದೆ ಕೃಷ್ಣಾ ಹೊಳೆ. ಕಾರು ದಾಟಿಸುವ ದೊಡ್ಡ ದೋಣಿ ಆಚೆ ದಂಡೆಯಲ್ಲಿತ್ತು. ಅಂಬಿಗ ಊಟಕ್ಕೆ ಹೋಗಿದ್ದ, ಊಟದ ಮೇಲೆ ಮಲಗಿದ್ದ. ಅವನು ಎದ್ದು, ಬಾಯಿ ತೊಳೆದು, ಎಲೆ ಅಡಿಕೆ ಹಾಕಿಕೊಂಡು ದೋಣಿ ತರುವ ಹೊತ್ತಿಗೆ ಆ ಎತ್ತಿನ ಗಾಡಿಯೂ ದಂಡೆಗೆ ಬಂತು. ಗಾಡಿಯವನು ನಮ್ಮ ಪಕ್ಕಕ್ಕೇ ಎತ್ತು ನಿಲ್ಲಿಸಿ, ಮೀಸೆಯ ಧೂಳು ಝಾಡಿಸಿಕೊಂಡು ಕೇಳಿದ:

"ಕೂಡೇ ಹೋಗೂದಿತ್ತಂದ್ರ ಅಷ್ಟು ಧೂಳಾ ಯಾಕ ಎಬ್ಬಿಸಿದ್ರಿ?"

ಕಾರಿನ ಸೆರಗು

ಕಾರಿನ ಟಾಪು, ಅಂದರೆ ಬಿಸಿಲು ಮಳೆಗೆ ಮೇಲೆ ಎಳೆದುಕೊಳ್ಳುವ ಬಟ್ಟೆ, ಹರಿದು ಚಿಂದಿಯಾಗಿತ್ತು. ನನಗೆ ನೇಯ್ದು ಕೊಡುವವರಲ್ಲಿ ಕೈ ಗಟ್ಟಿಯಾದ ಹಿರಿಯ ನೇಕಾರನೊಬ್ಬನಿದ್ದ. ಅವನಿಗೆ ಹೇಳಿದೆ: "ದಪ್ಪಂದು, ನೀರು ಇಳೀಲಾರದ್ದು ಒಂದು ಬಟ್ಟಿ ಬೇಕು."

"ಅದಕೇನ್ರಿ, ಆತು" ಅಂದ.

ಬಟ್ಟೆ ಬಂತು. ಚರ್ಮದಂಥ ನೇಯ್ಗೆ, ಉಗುರು ಹಾಕಿದರೂ ಎಳೆ ಸರಿಯುತ್ತಿರಲಿಲ್ಲ. ಆದರೆ ಎರಡೂ ಬದಿಗೆ ಕೆಂಪು ದಡಿ, ಒಂದು ತುದಿಗೆ ಅಚ್ಚುಕಟ್ಟಾದ ಸೆರಗು!

"ಏನಪಾ ಇದು? ಕಾರಿಗೆ ಸೆರಗು ಯಾಕ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ದಡಿ ಸೆರಗು ಇಲ್ಲದ ಬಟ್ಟಿ ಕೊಟ್ಟು ನಾಕು ಮಂದ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿರಿ?" ಎಂದ.

ಕೆಲಸ ನೋಡಿ ಬಯ್ಯಲು ಬಾಯಿ ಬರಲಿಲ್ಲ. ಹಾಗೇ ಮೇಣ ಹಚ್ಚಿಸಿ ಹೊಲಿಸಿದೆ. ಜಮಖಂಡಿಯಲ್ಲಿ ಕಾರು ನಿಲ್ಲಿಸಿದರೆ ಗಂಡಸರು ಮೂತಿಯ ಕಡೆ, ಹೆಂಗಸರು ಟಾಪಿನ ಕಡೆ. ಒಬ್ಬ ಹಿರಿಯಾಕೆ ದಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಈ ನಮೂನಿ ಯಾವ ಅಂಗಡ್ಯಾಗ ಸಿಗತೈತ್ರಿ?" ಎಂದು ಕೇಳಿದರು. ಅಂಗಡಿ ಹೆಸರು ಹೇಳಿದೆ. ಆ ದಡಿಯ ಸೀರೆಗಳು ಆ ಸುಗ್ಗಿಯಲ್ಲಿ ಮಗ್ಗದಿಂದ ಇಳಿಯುವ ಮೊದಲೇ ಖಾಲಿಯಾದವು. ನೇಕಾರನಿಗೆ ಮನಸಾರೆ ಶಾಬಾಸ್ ಹೇಳಿ, ಖುಷಿಯಲ್ಲಿ ಮನೆಯಲ್ಲೂ ಸುದ್ದಿ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಛಲೋ ಆತ್ರಿ. ಜಮಖಂಡಿ ಹೆಂಗಸರು ಉಟ್ರು, ನಿಮ್ಮ ಕಾರೂ ಉಡ್ತು. ಇನ್ನ ಉಳದಾಕಿ ನಾ ಒಬ್ಬಾಕಿ."

ಮುಧೋಳದ ಪಂದ್ಯ

ಮುಧೋಳದಲ್ಲಿ ನನಗೊಬ್ಬ ಗೆಳೆಯ, ಕಬ್ಬಿನ ರೈತ. ಅವನ ಬೇಟೆನಾಯಿ ಬಡಕಲು ಮೈ, ಬಿಲ್ಲಿನಂಥ ಬೆನ್ನು. ನಿಂತಾಗಲೇ ಓಡಿದಂತೆ ಕಾಣುತ್ತಿತ್ತು. ಗೆಳೆಯ ಕಾರನ್ನು ಒಂದು ಸುತ್ತು ಹಾಕಿ ನೋಡಿ ಹೇಳಿದ: "ಸೊಂಟ ಭಾರ ಆತಲೇ. ನನ್ನ ನಾಯಿ ಮುಂದ ಇದರ ಆಟ ನಡಿಯಂಗಿಲ್ಲ."

ಊರ ಹೊರಗಿನ ಬೇವಿನ ಮರದಿಂದ ಮುಂದಿನ ಹಳ್ಳಿಯ ಬಾವಿಯವರೆಗೆ ಪಂದ್ಯ. ಮೊದಲಿಗೆ ನಾಯಿ ಬಾಣದಂತೆ ಮುಂದೆ ಹೋಯಿತು. ಆಹಾ, ಏನು ಓಟ! ಮಿಸ್ತ್ರಿ ಕಾರು ಒತ್ತುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದ. ನಾನು ಗದರಿಸಿದ ಮೇಲೆ ಒತ್ತಿದ. ನಾಯಿ ಹಿಂದೆ ಬಿತ್ತು.

ಬಾವಿಯ ಹತ್ತಿರ ಕಾದೆವು. ನಾಯಿಯ ಪತ್ತೆಯಿಲ್ಲ. ಪಾಪ, ಎದೆ ಒಡೆದು ಬಿತ್ತೋ ಏನೋ ಎಂದು ಗಾಬರಿಯಾಗಿ ಹಿಂತಿರುಗಿದೆವು. ಬೇವಿನ ಮರದ ಕೆಳಗೆ ಗೆಳೆಯ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ನಾಯಿ, ನಾಯಿಯ ಮುಂದೆ ಒಂದು ದಪ್ಪ ಮೊಲ.

"ಗೆದ್ದೆ ನೋಡು" ಎಂದೆ.

"ಗೆದ್ದಿ, ಯಾರು ಇಲ್ಲಂದ್ರು?" ಎಂದ ಗೆಳೆಯ. "ಅಷ್ಟು ದೂರ ಹೋಗಿ ನಿನ್ನ ಕಾರು ಏನ ಹಿಡಕೊಂಡ ಬಂತು, ಅದನ್ನ ಹೇಳು."

ಇಟ್ಟುಕೊಂಡರೆ

ನಾಯಿಯ ಓಟ ನೋಡಿದ ಮಿಸ್ತ್ರಿಗೆ ನಿದ್ದೆ ಹತ್ತಲಿಲ್ಲ. ಎಂಜಿನ್ನು ಬಿಚ್ಚಿ ತಿಕ್ಕಿದ, ಹೊಗೆ ಹೋಗುವ ಕೊಳವೆಯನ್ನು ಅಗಲ ಮಾಡಿದ. ಕಾರಿನ ಓಟ ಇಮ್ಮಡಿಯಾಯಿತು, ಸದ್ದು ನಾಲ್ಕರಷ್ಟಾಯಿತು. ಪಕ್ಕದೂರು ರಬಕವಿಯಲ್ಲಿ ಚಾಲೂ ಮಾಡಿದರೆ ಸದ್ದು ಕೇಳಿಯೇ ಬನಹಟ್ಟಿಯ ನಮ್ಮ ಮನೆಯಲ್ಲಿ ಚಹಾ ಕಾಯಿಸಲು ಇಡುತ್ತಿದ್ದರು. ನನಗೆ ಆ ಮನುಷ್ಯನ ಮೇಲೆ ಭಾರೀ ಅಭಿಮಾನ ಮೂಡಿತು.

ಆ ವಾರವೇ ನೂಲು ಬರುವುದು ನಿಂತಿತು. ಮಗ್ಗಗಳು ನೂಲಿಲ್ಲದೆ ಖಾಲಿ ಕೂತವು. ತನ್ನ ಜಾಮೀನಿನ ಮೇಲೆ ನನಗೆ ಸಾಲಕ್ಕೆ ನೂಲು ಕೊಡಿಸುತ್ತಿದ್ದ ದಲಾಲಿಯನ್ನು ಹಿಡಿದು ಕೇಳಿದೆ. ಅವನು ನೆಲ ನೋಡಿ, ಆಕಾಶ ನೋಡಿ ಹೇಳಿದ:

"ತಪ್ಪ ತಿಳೀಬ್ಯಾಡ್ರಿ ಸಾವ್ಕಾರ್ರ. ಪೇಟ್ಯಾಗ ಮಂದಿ ಒಂದು ಮಾತ ಕೇಳಾಕತ್ತಾರ. ಊರಾಗ ಬದುಕೂ ಸಾವ್ಕಾರಗ ಎತ್ತಿನ ಛಕಡಿ ಸಾಕು. ಇಷ್ಟು ಜೋರ ಓಡೂ ಗಾಡಿ ಬೇಕಾದ್ರ, ಅಂವಾ ಎಲ್ಲಿಗೆ ಓಡಾಂವದಾನ?"

ಮಾರಿದರೆ

ವ್ಯಾಪಾರಸ್ಥನಿಗೆ ಕಾರಿಗಿಂತ ಹೆಸರು ದೊಡ್ಡದು. ಮಾರಿಬಿಡುವುದೆಂದು ನಿಶ್ಚಯಿಸಿದೆ. ಬೀಳಗಿಯ ಒಬ್ಬ ಗುತ್ತಿಗೆದಾರ ಬಂದ. ಮಿಸ್ತ್ರಿ ಮೋರೆ ಗಂಟಿಕ್ಕಿಕೊಂಡೇ ಅವನನ್ನು ಕೂಡಿಸಿಕೊಂಡು ಒಂದು ಸುತ್ತು ಹೊಡೆದ. ಗುತ್ತಿಗೆದಾರ ಕೆಳಗಿಳಿದಾಗ ಮುಖ ಸುಣ್ಣದಂತಾಗಿತ್ತು, ಪೇಟ ಕೊರಳಿಗೆ ಬಿದ್ದಿತ್ತು.

"ಕಾರು ಬಂಗಾರ ಐತಿ, ತಗೋತೀನಿ" ಎಂದ. "ಆದ್ರ ನಾ ಇನ್ನ ಅದರಾಗ ಕೂಡಂಗಿಲ್ಲ. ಎತ್ತು ಹೂಡಿ ಎಳಸ್ಕೊಂಡು ಹೋಗ್ತೀನಿ."

ಅಲ್ಲೇ ನಾನು ಎಡವಿದೆ. ನಡು ಪೇಟೆಯಲ್ಲಿ, ಹಾಡುಹಗಲಲ್ಲಿ, ನನ್ನ ಕಾರನ್ನು ಎರಡು ಎತ್ತು ಎಳೆದುಕೊಂಡು ಹೊರಟವು. "ಸಾವ್ಕಾರಂದು ಜಪ್ತಿ ಆತು!" ಎಂದು ಯಾರೋ ಅಂದರು. ಎತ್ತುಗಳು ಪೇಟೆ ದಾಟುವ ಮೊದಲೇ ಸಾಲ ಕೊಟ್ಟವರಿಂದ ನನ್ನ ಅಂಗಡಿ ತುಂಬಿತು. ಎಲ್ಲರ ಮುಂದೆ ದಲಾಲಿ, ಎದೆ ಬಡಿದುಕೊಂಡು ಅಳುತ್ತ. "ಜಪ್ತಿ ಅಲ್ರೋ, ಮಾರೇನಿ" ಎಂದರೆ, "ಮಾರೂವಂಥಾದ್ದು ಏನ ಬಂತ್ರಿ?" ಎಂದು ಮತ್ತಷ್ಟು ಜೋರಾಗಿ ಅಳತೊಡಗಿದ.

ಮಿಸ್ತ್ರಿಯನ್ನು ಕರೆದುಕೊಂಡು ಎತ್ತುಗಳ ಹಿಂದೆ ಓಡಿದೆ. ಗುತ್ತಿಗೆದಾರನ ಕೈಕಾಲು ಹಿಡಿದು ವ್ಯವಹಾರ ಮುರಿದೆ. ಅವನಿಗೂ ಒಳಗೊಳಗೆ ಹಗುರಾಯಿತೆಂದು ಕಾಣುತ್ತದೆ. ಚಹಾ ಕುಡಿಸಿ ಕಳಿಸಿದ. ಇನ್ನು ಪೇಟೆಗೆ ಕಾರು ತೋರಿಸಿದರೆ ಮುಗಿಯಿತು ಎಂದು ಮಿಸ್ತ್ರಿ ನನ್ನನ್ನು ಕೂಡಿಸಿಕೊಂಡು ಸದ್ದು ಮಾಡುತ್ತ ಹೊಡೆದುಕೊಂಡು ಬಂದ. ಆ ಸದ್ದು ಕೇಳಿದ ದಲಾಲಿ ಅಂಗಡಿಯಿಂದ ಬೀದಿಗೆ ಹಾರಿದ.

"ಓಡಿದಾ! ಓಡಿದಾ! ಹಿಡೀರಿ!"

ದಾರಿಗೆ ಅಡ್ಡವಾಗಿ ಮೂರು ಛಕಡಿ ನಿಂತವು. ನನ್ನ ಅಂಗಡಿಯ ಮುಂದೇ ಕಾರು ಗಕ್ಕನೆ ನಿಂತಿತು.

ಕಾರು ಇರಬೇಕು, ಇಲ್ಲದಿದ್ದರೆ ನಾನು ಮುಳುಗಿದವ. ಓಡಬಾರದು, ಓಡಿದರೆ ನಾನು ಪರಾರಿ. ಇನ್ನೇನು ಉಳಿಯಿತು? "ಮಿಸ್ತ್ರಿ, ಸುತ್ತಿಗಿ ತಗಿ" ಎಂದೆ. ಅವನು ನನ್ನ ಮುಖ ನೋಡಿದ, ಅರ್ಥ ಮಾಡಿಕೊಂಡ. ಮಂದಿ ನೋಡುತ್ತಿದ್ದಂತೆ ಕಾರನ್ನು ಕಲ್ಲಿನ ಮೇಲೆ ಏರಿಸಿದೆವು. ಕಾರನ್ನು ಕಲ್ಲಿನ ಮೇಲೆ ಏರಿಸಿದೆವು. ಅಂಗಡಿಯ ಹಿಂದೆಯೇ ನಮ್ಮ ಮನೆ; ಗಾಲಿಗಳನ್ನು ಹೆಂಡತಿ ಒಳಗೆ ಉರುಳಿಸಿಕೊಂಡು ಹೋಗಿ ಅಡುಗೆಮನೆಯ ಅಟ್ಟಕ್ಕೆ ಏರಿಸಿ, ನಿಚ್ಚಣಿಕೆಯನ್ನೂ ತೆಗೆದಿಟ್ಟಳು.

ದಲಾಲಿ ಕಾರಿನ ಸುತ್ತ ನಿಧಾನಕ್ಕೆ ಬಂದ. ಬಗ್ಗಿ ಕೆಳಗೆ ನೋಡಿದ. ಭುಜ ಕೊಟ್ಟು ನೂಕಿ ನೋಡಿದ, ಅಲುಗಲಿಲ್ಲ. ಮುಖ ಅರಳಿತು. ಮರುದಿನವೇ ನೂಲು ಕಳಿಸುವುದಾಗಿ ಅಲ್ಲಿಯೇ ಮಾತು ಕೊಟ್ಟು, ಉದ್ದ ಮೂತಿಯ ಮೇಲೆ ಅಕ್ಕರೆಯಿಂದ ಕೈಯಾಡಿಸಿದ.

"ಮಿಸ್ತ್ರಿ, ಇಷ್ಟು ದಿನಾ ಏನೇನೋ ಸುಧಾರಣಿ ಮಾಡಿದ್ಯಪಾ" ಎಂದ. "ಕಾರು ಖರೆ ಛಲೋ ಆಗಿದ್ದು ಇವತ್ತ ನೋಡು."