ಹೆಣೆದ ವೈರಿನ ಹಾರ್ನು

ವಿರೂಪಾಕ್ಷ ತಪ್ಪೊಪ್ಪದ ಮನುಷ್ಯ. ಬೈಲಹೊಂಗಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ತಪ್ಪು ಒಪ್ಪುವ ವಿದ್ಯೆಯನ್ನು ಮಾತ್ರ ಅವನಿಗೆ ಯಾರಿಂದಲೂ ಕಲಿಸಲಾಗಿಲ್ಲ. ಅವನು ಮಾಡಿದ ಸಾರು ಉಪ್ಪಾದರೆ ತಪ್ಪು ಸಮುದ್ರದ್ದು!

ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೊರಟರೆ ಹಿಂದಿನ ಕಾರಿನ ಕೂಗು ಕೇಳಿಸುವುದಿಲ್ಲ. ಇನ್ನು ಮುಂದೆ ಕೇಳಿಸಲೇಬೇಕು ಎಂದು ಬುಧವಾರ ಮುಂಜಾನೆ ಅವನು ಪ್ರತಿಜ್ಞೆ ಮಾಡಿದ. ಬಸ್ಸಿನ ಹಾರ್ನೊಂದನ್ನು ತಂದು, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ತಾನೇ ಜೋಡಿಸಿದ.

"ಇವತ್ತ ಯಾಕ್ರಿ ಇದು? ಮುರಗೋಡಕ್ಕ ಹೋಗೂದೈತಿ," ಎಂದಳು ಹೆಂಡತಿ ರೇಣು. ಅವಳ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಕೂಸಿನ ಕಿವಿಯಲ್ಲಿ ಸೋದರತ್ತೆಯೇ ಹೆಸರು ಹೇಳಬೇಕು. ಆ ಕೂಸಿಗೆ ರೇಣು ಒಬ್ಬಳೇ ಸೋದರತ್ತೆ.

ಊರು ದಾಟುತ್ತಲೇ ಮುಂದೊಂದು ಟ್ರ್ಯಾಕ್ಟರು ಸಿಕ್ಕಿತು. ವಿರೂಪಾಕ್ಷ ಯುದ್ಧಶಂಖ ಊದುವ ಗತ್ತಿನಲ್ಲಿ ಗುಂಡಿ ಒತ್ತಿದ. ಹಾರ್ನು ಕಮಕ್ ಕಿಮಕ್ ಎನ್ನಲಿಲ್ಲ. ಬದಲಿಗೆ ರಣಬಿಸಿಲಲ್ಲಿ ವೈಪರು ಕುಣಿಯತೊಡಗಿತು! ಹೆಡ್‌ಲೈಟು ಹೊತ್ತಿಕೊಂಡಿತು. ಓಡುತ್ತಿದ್ದ ಕಾರಿನ ವೇಗ ಸೊನ್ನೆ ಎಂದು ಮುಳ್ಳು ಮಲಗಿತು. ಗಾಬರಿಯಿಂದ ಬದಿಗೆ ಹಾಕಿ ಎಂಜಿನ್ ಆರಿಸಿದ. ಮತ್ತೆ ಅದು ಚಾಲೂ ಆಗಲಿಲ್ಲ.

"ಏನಾತ್ರಿ?"

"ಕಾರಿನ್ಯಾಗ ಸಣ್ಣ ಸಣ್ಣ ಕಂಪ್ಯೂಟರ್ ಇರತಾವ ರೇಣು. ಎಂಜಿನ್ನಿಗೊಂದು, ಬ್ರೇಕಿಗೊಂದು, ಬಾಗಲಕ್ಕೊಂದು. ಎಲ್ಲಾ ಎರಡ ವೈರಿನ ಮ್ಯಾಲ ಮಾತಾಡತಾವ. ಅದಕ್ಕ ಜಗತ್ತಿಗೆಲ್ಲಾ ಒಂದ ನಿಯಮ ಮಾಡ್ಯಾರ: ಇಬ್ಬರು ಕೂಡೇ ಬಾಯಿ ತಗದ್ರ ಯಾರ ಮಾತು ಜರೂರಿ ಐತಿ, ಅವರದ ಮುಂದ. ಉಳಿದವರು ಸುಮ್ಮನಿರಬೇಕು."

"ಚಲೋ ನಿಯಮ. ನಮ್ಮ ಮನಿಗೆ ಯಾವಾಗ ಬರತೈತಿ? ಇರಲಿ, ಆ ವೈರ್ ಹೆಂಗಿರತಾವ?"

"ಒಂದಕ್ಕೊಂದು ಹೆಣಕೊಂಡಿರತಾವ, ನಿನ್ನ ತಲಿ ಹೆಳಲಿನಂಗ."

"ಹಾರ್ನ್ ಯಾವುದಕ್ಕ ಜೋಡಿಸೀರಿ?"

ವಿರೂಪಾಕ್ಷ ಆಕಾಶ ನೋಡಿದ. "ಅಲ್ಲೆ ಹೆಣಕೊಂಡ ಎರಡು ವೈರ್ ಖಾಲಿ ಕುಂತಿದ್ವು..."

"ಖಾಲಿ ಕುಂತಿದ್ವು! ಮಂದಿ ಕುಂತ ಮಾತಾಡೂ ಕಟ್ಟಿ ಮ್ಯಾಲ ನಗಾರಿ ತಂದಿಟ್ಟೀರಿ. ಕಿತ್ತ ಒಗೀರಿ ಅದನ್ನ!"

"ತಪ್ಪು ನಂದಲ್ಲ. ಮಾಡಿದವರು ವೈರಿನ ಮ್ಯಾಲ ಬರೀಬೇಕಿತ್ತು."

ಕಿತ್ತರೆ ಸೋತಂತೆ. ಆದ್ದರಿಂದ ಅವನು ಬಾನೆಟ್ ಎತ್ತಿ, ನಿರಪರಾಧಿ ಬ್ಯಾಟರಿಯನ್ನು ದುರುಗುಟ್ಟಿ ನೋಡುತ್ತ ನಿಂತ.

ಅಷ್ಟರಲ್ಲಿ ರೇಣುವಿನ ತಾಯಿ ರಾಯವ್ವನ ಫೋನು: "ಹನ್ನೆರಡಕ್ಕ ರಾಹುಕಾಲ ಹತ್ತತೈತಿ. ಅಷ್ಟರಾಗ ಬರದಿದ್ರ ಬಾಜೂ ಮನಿ ಬಾಯವ್ವನ ಕಡೆಯಿಂದ ಹೆಸರ ಹೇಳಸ್ತೇವಿ ನೋಡವಾ!"

ರೇಣು ರಸ್ತೆಗಿಳಿದು ಖಾಲಿ ಟ್ರ್ಯಾಕ್ಟರೊಂದಕ್ಕೆ ಕೈ ಮಾಡಿದಳು. ಇಳಕಲ್ ಸೀರೆಯಲ್ಲಿ ಅವಳು ಡ್ರೈವರನ ಈ ಬದಿಗೆ, ಭೌತಶಾಸ್ತ್ರ ಆ ಬದಿಗೆ. ಮುರಗೋಡದವರೆಗೂ ಹಾಡು. ಹಿಂದಿನಿಂದ ಯಾರೋ ಹಾರ್ನು ಹೊಡೆಯುತ್ತಲೇ ಬಂದರಂತೆ, ಇವರಿಗೆ ಕೇಳಿಸಲಿಲ್ಲ.

ಹನ್ನೆರಡಕ್ಕೆ ಇನ್ನೇನು ಎರಡು ನಿಮಿಷವಿದೆ ಎನ್ನುವಾಗ ರೇಣು ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ.

"ತಡಾ ಮಾಡಿದ ಅತ್ತಿಗೆ ಇವತ್ತ ಡಬಲ್!" ಎಂದು ಬಾಯವ್ವ ಬಳೆ ಹಿಂದೆ ಸರಿಸಿದಳು.

ಗಂಡಸರ ಗುಂಪಿನಿಂದ ವಿರೂಪಾಕ್ಷ ಎದ್ದು ಬಂದ. ಹೆಂಡತಿಯ ಹಿಂದೆ ಬೆನ್ನು ಬಗ್ಗಿಸಿ ಕುಳಿತ.

"ಅಕಿಗೆ ಬ್ಯಾಡ್ರಿ, ನನಗ ಗುದ್ರಿ. ತಪ್ಪು ನಂದು."

"ಅಳಿಯಾಗ ಹೆಂಗವಾ ಹೊಡೀಲಿ?" ಎಂದು ಬಾಯವ್ವನ ಕೈ ಮೇಲೆಯೇ ನಿಂತಿತು.

ರಾಯವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಸರಕೋ ನೀ. ಅವರ ಮದುವಿ ಆದಾಗಿಂದ ಕಾಯಾಕತ್ತೇನಿ!"